ನೆಲ, ಫೇಸ್, ತೂಕ: ಮನೆ ಕಾರ್ಯಾಗಾರಕ್ಕೆ ಮಿಲ್ಲಿಂಗ್ ಯಂತ್ರ ಆರಿಸುವ ಮುನ್ನ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರಿಗೆ ತಿಕೋಟಾ, ಜಮಖಂಡಿ ರಸ್ತೆ ಹಿಡಿದರೆ 25ರ ಆಸುಪಾಸಿಗೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ, ದಾಳಿಂಬೆ, ಕಬ್ಬು, ಜೋಳದ ನೆಲ. ತೋಟ ಇದ್ದಲ್ಲಿ ಟ್ರ್ಯಾಕ್ಟರ್ ಇರುತ್ತದೆ, ಟ್ರ್ಯಾಕ್ಟರ್ ಇದ್ದಲ್ಲಿ ಮುರಿಯುವ ಸಾಮಾನೂ ಇರುತ್ತದೆ. ಹಾಗಾಗಿ ರಸ್ತೆ ಬದಿಯ ಪತ್ರಾಸ್ ಶೆಡ್ಡಿನಲ್ಲಿ ಒಂದು ವೆಲ್ಡಿಂಗ್ ಸೆಟ್, ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ ಕಾಣುವುದು ಈ ಸೀಮೆಗೆ ಹೊಸದಲ್ಲ. ದುಂಡಗಿನ ಕೆಲಸ ಏನೇ ಬಂದರೂ ಲೇತಿನ ಮೇಲೆ ಮುಗಿಯುತ್ತದೆ. ಚಪ್ಪಟೆ ಮುಖ, ಚೌಕ ತುದಿ, ಶಾಫ್ಟಿನ ಮೇಲಿನ ಕೀ-ವೇ, ಸ್ಪ್ಲೈನು, ಗಿಯರಿನ ಹಲ್ಲು ಬಂದಾಗ ಮಾತ್ರ ಜಾಬನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ನಗರದ ಕಡೆ ಹೊರಡಬೇಕು. ನಗರದಲ್ಲೂ ಆಗದಿದ್ದರೆ ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ. ಔಷಧಿ ಹೊಡೆಯುವ ದಿನಗಳಲ್ಲಿ ಬ್ಲೋವರ್ ನಿಂತುಹೋದ ದ್ರಾಕ್ಷಿ ಬೆಳೆಗಾರನಿಗೆ ಆ ಎರಡು ದಿನದ ಓಡಾಟದ ಬೆಲೆ ಏನೆಂದು ಗೊತ್ತು.

ಮನೆಯ ಹಿಂದಿನ ಶೆಡ್ಡಿಗೆ ಒಂದು ಸಣ್ಣ ಮಿಲ್ಲಿಂಗ್ ಯಂತ್ರ ತಂದರೆ ಹೇಗೆ ಎಂಬ ಯೋಚನೆ ಇಲ್ಲಿಂದಲೇ ಹುಟ್ಟುತ್ತದೆ. ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮಷಿನಿಸ್ಟ್ ಕಲಿತು ಊರಿಗೆ ಮರಳಿದ ಹುಡುಗರಿಗೆ, ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಬಂದವರಿಗೆ, ತಾನೇ ಏನಾದರೂ ಮಾಡಿಕೊಳ್ಳಬೇಕೆನ್ನುವ ರೈತನಿಗೆ ಈ ಪ್ರಶ್ನೆ ಒಂದೇ. ಉತ್ತರ ಮಾತ್ರ ಒಂದೇ ಅಲ್ಲ. ಯಂತ್ರ ಮಾರುವವನು ಕೊಡುವ ಬಣ್ಣದ ಹಾಳೆಯಲ್ಲಿ ಮೋಟಾರಿನ ಎಚ್‌ಪಿ ದಪ್ಪ ಅಕ್ಷರದಲ್ಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ನೋಡಬೇಕಾದ ಸಂಖ್ಯೆ. ಈ ಸೀಮೆಯಲ್ಲಿ ಮೊದಲು ನೋಡಬೇಕಾದವು ಶೆಡ್ಡಿನ ಕೆಳಗಿನ ಮಣ್ಣು, ಮೀಟರಿಗೆ ಬಂದಿರುವ ಫೇಸು, ಮತ್ತು ಯಂತ್ರದ ತೂಕ.

ಬರುವ ಕೆಲಸ ಯಾವುದು ಎಂಬುದರಿಂದಲೇ ಶುರು ಮಾಡೋಣ. ಕೀ-ವೇ ಎಲ್ಲಕ್ಕಿಂತ ಹೆಚ್ಚು. ಪುಲ್ಲಿ, ಸ್ಪ್ರಾಕೆಟ್, ಕಪ್ಲಿಂಗ್ ಯಾವುದನ್ನೇ ಶಾಫ್ಟಿಗೆ ಕೂರಿಸಿದರೂ ನಡುವೆ ಒಂದು ಕೀ ಬೇಕು. ಭಾರತೀಯ ಮಾನಕ ಐಎಸ್ 2048ರ ಪ್ರಕಾರ 22ರಿಂದ 30 ಮಿ.ಮೀ. ವ್ಯಾಸದ ಶಾಫ್ಟಿಗೆ 8 ಮಿ.ಮೀ. ಅಗಲದ ಕೀ, 30ರಿಂದ 38ರವರೆಗೆ 10 ಮಿ.ಮೀ., 38ರಿಂದ 44ರವರೆಗೆ 12 ಮಿ.ಮೀ. ತೋಟದ ಯಂತ್ರಗಳ ಬಹುಪಾಲು ಶಾಫ್ಟುಗಳು ಈ ಮೂರು ಸಾಲಿನೊಳಗೇ ಬರುತ್ತವೆ. 30 ಮಿ.ಮೀ. ಶಾಫ್ಟಿನಲ್ಲಿ 8 ಮಿ.ಮೀ. ಅಗಲ, 4 ಮಿ.ಮೀ. ಆಳ, 50 ಮಿ.ಮೀ. ಉದ್ದದ ಕೀ-ವೇ ಹೊಡೆದರೆ ಹೊರಬರುವ ಲೋಹ ಒಂದೂವರೆ ಘನ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂದರೆ ನಮ್ಮ ಕೆಲಸಕ್ಕೆ ಬೇಕಾಗಿರುವುದು ಕಬ್ಬಿಣವನ್ನು ರಾಶಿ ರಾಶಿ ಕೆರೆಯುವ ಶಕ್ತಿಯಲ್ಲ, ಸ್ವಲ್ಪವೇ ಕೆರೆದರೂ ಅಲುಗಾಡದೆ ನೇರವಾಗಿ ಕೆರೆಯುವ ಗಟ್ಟಿತನ.

ಎರಡನೆಯದು ಸ್ಪ್ಲೈನು. ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಶಾಫ್ಟು ಸಾಮಾನ್ಯವಾಗಿ ಒಂದೂ ಮೂರು ಎಂಟಾಂಶ ಇಂಚಿನದು, ಎಂದರೆ ಹತ್ತಿರ ಹತ್ತಿರ 35 ಮಿ.ಮೀ. ಅದರ ಮೇಲೆ ಆರು ಸ್ಪ್ಲೈನು, ವೇಗ ನಿಮಿಷಕ್ಕೆ 540 ಸುತ್ತು. ಬ್ಲೋವರ್, ರೋಟಾವೇಟರ್, ರಾಶಿ ಯಂತ್ರ ಎಲ್ಲವೂ ಇದಕ್ಕೇ ಜೋತುಬೀಳುವುದರಿಂದ ಸವೆದ ಸ್ಪ್ಲೈನು ವರ್ಷವಿಡೀ ಬರುವ ಜಾಬು. ಇದನ್ನು ಮಿಲ್ಲಿಂಗ್ ಯಂತ್ರದ ಮೇಲೆ ಕಡೆಯಬಹುದು, ಆದರೆ ಶಾಫ್ಟನ್ನು 60 ಡಿಗ್ರಿಗೊಮ್ಮೆ ಕರಾರುವಾಕ್ಕಾಗಿ ತಿರುಗಿಸಿ ಹಿಡಿಯುವ ಡಿವೈಡಿಂಗ್ ಹೆಡ್ ಬೇಕು, ಅದನ್ನು ಹಾಕಿದ ಮೇಲೂ ಶಾಫ್ಟಿಗೆ ಜಾಗ ಉಳಿಯುವಷ್ಟು ಉದ್ದದ ಟೇಬಲ್ ಬೇಕು. ಉಳಿದಂತೆ ಬೇಸ್ ಪ್ಲೇಟಿನ ಫೇಸಿಂಗ್, ಬ್ರ್ಯಾಕೆಟ್ಟಿನ ಸ್ಲಾಟು, ಫ್ಲ್ಯಾಂಜಿನ ಬೋಲ್ಟು ತೂತುಗಳನ್ನು ಸಮ ಅಂತರದಲ್ಲಿ ಹೊಡೆಯುವುದು, ಒಣದ್ರಾಕ್ಷಿ ಗ್ರೇಡಿಂಗ್ ಯಂತ್ರಗಳ ಬೇರಿಂಗ್ ಬ್ಲಾಕು, ಇಂಥವು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಯಾಕೆಂದರೆ ಯಂತ್ರ ತಂದ ಮೇಲೆ ಗೊತ್ತಾಗಿ ಪೇಚಾಡುವವರಿದ್ದಾರೆ. ಶಾಫ್ಟಿನ ಮೇಲಿನ ಕೀ-ವೇಯನ್ನು ಮಿಲ್ಲಿಂಗ್ ಯಂತ್ರ ಹೊಡೆಯುತ್ತದೆ, ಪುಲ್ಲಿಯ ತೂತಿನೊಳಗಿನ ಕೀ-ವೇಯನ್ನು ಹೊಡೆಯುವುದಿಲ್ಲ. ತಿರುಗುವ ಕಟರ್ ಆ ಸಂದಿಗೆ ಹೋಗಲಾರದು. ಅದಕ್ಕೆ ಸ್ಲಾಟಿಂಗ್ ಯಂತ್ರ, ಇಲ್ಲವೇ ಬ್ರೋಚು, ಇಲ್ಲವೇ ಲೇತಿನ ಕ್ಯಾರೇಜನ್ನು ಕೈಯಿಂದ ಹಿಂದೆ ಮುಂದೆ ತಳ್ಳುತ್ತ ಒಂದೇ ಮೊನೆಯ ಟೂಲಿನಿಂದ ಕೆರೆಯುವ ಹಳೆಯ ಉಪಾಯ. ಜೋಡಿಯ ಒಂದು ಅರ್ಧಕ್ಕೆ ಮಾತ್ರ ಮಿಲ್ಲಿಂಗ್ ಯಂತ್ರ ಸಾಕು.

ಈಗ ಯಂತ್ರಗಳ ಕಡೆ ಬರೋಣ. ತೀರ ಅಗ್ಗದ ಯೋಚನೆ, ಇರುವ ಡ್ರಿಲ್ಲಿಂಗ್ ಯಂತ್ರಕ್ಕೇ ಎಂಡ್‌ಮಿಲ್ ಹಾಕಿ ಒಂದು ಕ್ರಾಸ್ ವೈಸ್ ಕೂರಿಸುವುದು. ಬೇಡ. ಡ್ರಿಲ್ಲಿಂಗ್ ಯಂತ್ರದ ಬೇರಿಂಗುಗಳು ಮೇಲಿನಿಂದ ಕೆಳಗೆ ಬೀಳುವ ಒತ್ತಡಕ್ಕೆ ಮಾಡಿದವು, ಅಡ್ಡ ಒತ್ತಡಕ್ಕಲ್ಲ. ಜೊತೆಗೆ ಅದರ ಚಕ್ಕು ಬರೀ ಟೇಪರ್ ಹಿಡಿತದಲ್ಲಿ ನಿಂತಿರುತ್ತದೆ, ಮೇಲಿನಿಂದ ಎಳೆದು ಹಿಡಿಯುವ ಡ್ರಾ-ಬಾರ್ ಇರುವುದಿಲ್ಲ. ಅಡ್ಡ ಹೊಡೆತಕ್ಕೆ ಟೇಪರ್ ಸಡಿಲಾಗಿ, ತಿರುಗುತ್ತಿರುವ ಚಕ್ಕು ಕಟರ್ ಸಮೇತ ಕಳಚಿ ಬೀಳುವುದುಂಟು. ಇದರಲ್ಲಿ ಕೈ ಕಳೆದುಕೊಳ್ಳುವ ಸಾಧ್ಯತೆಯೂ ಇದೆ.

ಎರಡನೆಯದು ಲೇತಿನ ಕ್ರಾಸ್ ಸ್ಲೈಡಿನ ಮೇಲೆ ವರ್ಟಿಕಲ್ ಸ್ಲೈಡ್ ಕೂರಿಸಿ, ಕಟರನ್ನು ಚಕ್ಕಿಗೆ ಕೊಟ್ಟು, ಜಾಬನ್ನು ಅದರ ಮುಂದೆ ಆಡಿಸುವುದು. ಇದನ್ನು ನೋಡಿ ಕೆಲವರು ನಗೆಯಾಡುತ್ತಾರೆ, ನನಗೆ ಇದು ನಗೆಯ ಮಾತು ಅನ್ನಿಸುವುದಿಲ್ಲ. ಒಳ್ಳೆಯ ಆರಡಿ ಲೇತ್ ಈಗಾಗಲೇ ಇದ್ದವನಿಗೆ ತಿಂಗಳಿಗೆ ನಾಲ್ಕಾರು ಕೀ-ವೇ ಮಾತ್ರ ಬರುತ್ತಿದ್ದರೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಲೇತಿನ ತೂಕವೇ ಅದಕ್ಕೆ ಆಸರೆ. ದೊಡ್ಡ ಪ್ಲೇಟು ಹಿಡಿಯಲಾಗದು, ಪ್ರತಿಸಲ ಬಿಚ್ಚಿ ಜೋಡಿಸುವ ಬೇಸರ ಬೇರೆ. ಆದರೆ ಮಿಲ್ಲಿಂಗ್ ಕೆಲಸ ನಿಜವಾಗಿ ಎಷ್ಟು ಬರುತ್ತದೆ ಎಂದು ತಿಳಿಯಲು ಒಂದು ಹಂಗಾಮು ಇದರಲ್ಲೇ ಕಳೆಯುವುದು ಜಾಣತನ.

ಮೂರನೆಯದು ಆನ್‌ಲೈನಿನಲ್ಲಿ ಎಲ್ಲರ ಕಣ್ಣು ಸೆಳೆಯುವ ಮಿನಿ ಮಿಲ್. ಚೀನಾದ ಶಾಂಘೈನ ಸೀಗ್ ಕಂಪನಿಯ ಎಕ್ಸ್2 ಮಾದರಿ ಮತ್ತು ಅದರ ನೂರಾರು ನಕಲುಗಳು. ತೂಕ 50ರಿಂದ 60 ಕೆ.ಜಿ., ಮೋಟಾರು 350ರಿಂದ 500 ವಾಟ್, ಟೇಬಲ್ಲು ಒಂದೂಕಾಲು ಅಡಿ ಉದ್ದ, ಮೂರೂವರೆ ಇಂಚಿನಷ್ಟು ಅಗಲ. ಸಿಂಗಲ್ ಫೇಸಿನಲ್ಲಿ ಓಡುತ್ತದೆ, ಇಬ್ಬರು ಎತ್ತಿ ಬೆಂಚಿನ ಮೇಲಿಡಬಹುದು. ಅಲ್ಯೂಮಿನಿಯಂ, ಹಿತ್ತಾಳೆ, ಪ್ಲಾಸ್ಟಿಕ್, ಸಣ್ಣ ಮಾದರಿ ಎಂಜಿನುಗಳ ಹವ್ಯಾಸಕ್ಕೆ ಇದು ನಿಜಕ್ಕೂ ಒಳ್ಳೆಯದು. ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಪ್ರಾಜೆಕ್ಟಿಗಾಗಿ ನಗರದ ಮನೆಯ ಕೋಣೆಯಲ್ಲಿ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಟ್ರ್ಯಾಕ್ಟರಿನ ಶಾಫ್ಟಿಗೆ ಮಾತ್ರ ಇದು ಆಗದ ಮಾತು. ಶಾಫ್ಟು ಟೇಬಲ್ಲಿನ ಎರಡೂ ಕಡೆ ಗಜಗಟ್ಟಲೆ ಚಾಚಿಕೊಳ್ಳುತ್ತದೆ. 10 ಮಿ.ಮೀ. ಕಟರನ್ನು ಉಕ್ಕಿಗೆ ತಾಗಿಸಿದ ಕೂಡಲೇ ಕಾಲಮ್ಮು ಬಾಗಿ ಮಷೀನು ಕುಣಿಯಲು ಹತ್ತುತ್ತದೆ. ಹಳೆಯ ಮಾದರಿಗಳ ಒಳಗಿನ ಗಿಯರು ಪ್ಲಾಸ್ಟಿಕ್ಕಿನದು, ಕಟರ್ ಸಿಕ್ಕಿಕೊಂಡರೆ ಹಲ್ಲು ಉದುರುತ್ತದೆ. ವೋಲ್ಟೇಜು ಏರಿಳಿದರೆ ವೇಗ ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡು ಸುಟ್ಟುಕೊಳ್ಳುತ್ತದೆ, ಅದರ ಬದಲಿ ಬೋರ್ಡು ನಮ್ಮೂರ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಕುಣಿತದ ಮಾತು ಬಂದದ್ದರಿಂದ ತೂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿಲ್ಲಿಂಗ್ ಕಟರಿನ ಪ್ರತಿ ಹಲ್ಲೂ ಲೋಹಕ್ಕೆ ಬಡಿದು ಹೊರಬರುತ್ತದೆ. ಲೇತಿನ ಟೂಲಿನ ಹಾಗೆ ಒಂದೇ ಸಮನೆ ಒತ್ತಿ ನಿಂತಿರುವುದಿಲ್ಲ. ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ನಿಮಿಷಕ್ಕೆ 3,200 ಹೊಡೆತ. ಈ ಹೊಡೆತಗಳನ್ನು ನುಂಗಿಕೊಳ್ಳುವುದು ಎರಕದ ಕಬ್ಬಿಣದ ರಾಶಿ, ಮೋಟಾರಲ್ಲ. ಬೀಡು ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ ಎಂದೇ ಯಂತ್ರಗಳ ಮೈಯನ್ನು ಇಂದಿಗೂ ಅದರಲ್ಲೇ ಎರಕ ಹೊಯ್ಯುತ್ತಾರೆ. ಮೆತು ಉಕ್ಕನ್ನು ಕೆರೆಯಲು ಕಟರಿನ ತುದಿಗೆ ತಲುಪುವ ಒಂದು ಕಿಲೋವಾಟ್ ಶಕ್ತಿ ನಿಮಿಷಕ್ಕೆ ಸುಮಾರು 20 ಘನ ಸೆಂಟಿಮೀಟರ್ ಲೋಹ ತೆಗೆಯುತ್ತದೆ. ಮಿನಿ ಮಿಲ್ಲಿನ ಮೋಟಾರಿಗೂ ಲೆಕ್ಕದ ಪ್ರಕಾರ ನಿಮಿಷಕ್ಕೆ ಮೂರು ನಾಲ್ಕು ಘನ ಸೆಂಟಿಮೀಟರ್ ತೆಗೆಯುವ ತಾಕತ್ತಿದೆ, ಅಂದರೆ ಮೇಲೆ ಹೇಳಿದ ಕೀ-ವೇ ಅರ್ಧ ನಿಮಿಷದ ಕೆಲಸ. ಹಾಗೆ ಆಗುವುದಿಲ್ಲ. ಮೋಟಾರು ಸೋಲುವ ಎಷ್ಟೋ ಮೊದಲೇ ಮೈ ಸೋಲುತ್ತದೆ.

ನಾಲ್ಕನೆಯ ಬಗೆ ಮಿಲ್-ಡ್ರಿಲ್. ಇದರಲ್ಲಿ ಎರಡು ಜಾತಿ. ತೈವಾನಿನ ರಾಂಗ್ ಫೂ ಕಂಪನಿಯ ಆರ್‌ಎಫ್-30, 31 ಮಾದರಿಯವು ದುಂಡು ಕಂಬದವು. ಮೈ ಗಟ್ಟಿ, ಬೆಲೆ ಕಡಿಮೆ. ಆದರೆ ತಲೆಯನ್ನು ಮೇಲೆ ಕೆಳಗೆ ಮಾಡಿದ ಕೂಡಲೇ ಅದು ಕಂಬದ ಸುತ್ತ ಅಡ್ಡ ಸರಿದುಬಿಡುತ್ತದೆ. ಡ್ರಿಲ್ಲಿನಿಂದ ತೂತು ಹೊಡೆದು, ಆಮೇಲೆ ಉದ್ದನೆಯ ರೀಮರ್ ಹಾಕಲು ತಲೆ ಎತ್ತಿದರೆ ತೂತಿನ ಕೇಂದ್ರ ಕಳೆದುಹೋಯಿತು, ಮತ್ತೆ ಡಯಲ್ ಹಚ್ಚಿ ಹುಡುಕಬೇಕು. ಅದೇ ಕಂಪನಿಯ ಆರ್‌ಎಫ್-45 ಮಾದರಿ ಚೌಕ ಕಂಬದ್ದು, ಡವ್‌ಟೇಲ್ ಹಳಿಯ ಮೇಲೆ ತಲೆ ನೇರವಾಗಿ ಏರಿಳಿಯುತ್ತದೆ. ತೂಕ 300 ಕೆ.ಜಿ.ಯ ಆಸುಪಾಸು, ಟೇಬಲ್ಲು ಎರಡೂವರೆ ಅಡಿ, ಮೋಟಾರು ಒಂದೂವರೆಯಿಂದ ಎರಡು ಎಚ್‌ಪಿ, ತಲೆಯೊಳಗೆ ಎಣ್ಣೆಯಲ್ಲಿ ಮುಳುಗಿದ ಗಿಯರುಗಳು, ಆರು ವೇಗ. ಈ ಮಾದರಿಯನ್ನು ಚೀನಾದ ಕಾರ್ಖಾನೆಗಳು ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣದಲ್ಲಿ ಮಾಡುತ್ತವೆ. ಪಂಜಾಬಿನ ಬಟಾಲಾ, ಲುಧಿಯಾನಾ ಮತ್ತು ಗುಜರಾತಿನ ರಾಜಕೋಟ್ ಸಣ್ಣ ಮಿಲ್ಲಿಂಗ್ ಯಂತ್ರಗಳಿಗೆ ನಮ್ಮ ದೇಶದ ದೊಡ್ಡ ಸಂತೆಗಳು. ಅಲ್ಲಿಯ ಮಾಲಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ ಇರುವುದರಿಂದ ಫೋಟೊ ನೋಡಿ ದುಡ್ಡು ಹಾಕುವುದು ಸಲ್ಲ.

ಗಿಯರು ಯಾಕೆ ಮುಖ್ಯ ಎಂದರೆ ಕಟರಿನ ವೇಗದ ಲೆಕ್ಕ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಕಟರು ಮೆತು ಉಕ್ಕಿನ ಮೇಲೆ ನಿಮಿಷಕ್ಕೆ ಸುಮಾರು 25 ಮೀಟರ್ ವೇಗದಲ್ಲಿ ಸಾಗಬೇಕು. 10 ಮಿ.ಮೀ. ಎಂಡ್‌ಮಿಲ್ಲಿಗೆ ಅದು ನಿಮಿಷಕ್ಕೆ 800 ಸುತ್ತು, 20 ಮಿ.ಮೀ.ಗೆ 400, 50 ಮಿ.ಮೀ. ಫೇಸ್ ಕಟರಿಗೆ ಬರೀ 160. ಮಿನಿ ಮಿಲ್ಲೂ 160ಕ್ಕೆ ಇಳಿಯುತ್ತದೆ, ಆದರೆ ಎಲೆಕ್ಟ್ರಾನಿಕ್ಸಿನಿಂದ ಇಳಿಸಿದ ಆ ವೇಗದಲ್ಲಿ ಅದಕ್ಕೆ ಶಕ್ತಿ ಉಳಿದಿರುವುದಿಲ್ಲ. ಗಿಯರು ಅಥವಾ ಬೆಲ್ಟಿನಿಂದ ಇಳಿಸಿದಾಗ ವೇಗ ಕಡಿಮೆಯಾದಷ್ಟೂ ತಿರುಗುಬಲ ಹೆಚ್ಚುತ್ತದೆ.

ಐದನೆಯದು ನಿಜವಾದ ಮಿಲ್ಲಿಂಗ್ ಯಂತ್ರ, ಎಂದರೆ ಮೊಣಕಾಲಿನಂಥ ಆಧಾರದ ಮೇಲೆ ಟೇಬಲ್ಲೇ ಏರಿಳಿಯುವ ನೀ-ಟೈಪು. ಅಮೆರಿಕದ ಬ್ರಿಡ್ಜ್‌ಪೋರ್ಟ್ 1938ರಲ್ಲಿ ಹೊರತಂದ ತಿರುಗುತಲೆಯ ಮಾದರಿ ಜಗತ್ತಿನ ಟೂಲ್‌ರೂಮುಗಳನ್ನೆಲ್ಲ ತುಂಬಿತು. ಅದರ ತೂಕವೇ ಒಂದು ಟನ್ನಿನ ಹತ್ತಿರ. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಎಫ್‌ಎನ್ ಸರಣಿ, 1961ರಲ್ಲಿ ಜರ್ಮನ್ ಸಹಯೋಗದಿಂದ ಹುಟ್ಟಿದ ಭಾರತ್ ಫ್ರಿಟ್ಜ್ ವರ್ನರ್ ಯಂತ್ರಗಳು ಇನ್ನೂ ಭಾರ, ಎಫ್‌ಎನ್2 ಎರಡು ಟನ್ನಿಗೂ ಮಿಕ್ಕಿದ್ದು. ಇವೆಲ್ಲ ತ್ರೀ ಫೇಸು. ಹಳೆಯ ಕಾರ್ಖಾನೆಗಳು ಸಿಎನ್‌ಸಿಗೆ ಹೊರಳಿದಂತೆ ಇಂಥ ಯಂತ್ರಗಳು ಹರಾಜಿಗೆ ಬರುತ್ತಿವೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಕೊಲ್ಹಾಪುರದ ಶಿರೋಳಿ ನಮಗೆ ಹುಡುಕುವ ಜಾಗಗಳು. ಒಳ್ಳೆಯ ಹಳೆಯ ಎಚ್‌ಎಂಟಿ ಯಂತ್ರ ಹೊಸ ಅಗ್ಗದ ಯಂತ್ರಕ್ಕಿಂತ ಯಾವತ್ತೂ ಮೇಲು ಎಂಬ ಮಾತನ್ನು ನಾನು ಒಪ್ಪುತ್ತೇನೆ, ಅದಕ್ಕೆ ತಕ್ಕ ನೆಲವೂ ಕರೆಂಟೂ ಇದ್ದರೆ.

ಈ ಪಟ್ಟಿಯಲ್ಲಿ ಶೇಪರನ್ನು ಯಾರೂ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಹಿಂದೆ ಮುಂದೆ ಸರಿಯುವ ತೋಳು, ತುದಿಗೆ ಒಂದೇ ಮೊನೆಯ ಟೂಲು. ನಿಧಾನ, ನೋಡಲು ಹಳೆಕಾಲದ್ದು. ಆದರೆ ಒಂದು ಎಂಡ್‌ಮಿಲ್ ಮುರಿದ ದುಡ್ಡಿನಲ್ಲಿ ಶೇಪರಿಗೆ ತಿಂಗಳುಗಟ್ಟಲೆ ಸಾಕಾಗುವ ಮಿರಂಡಾ ಕಂಪನಿಯ ಟೂಲ್ ಬಿಟ್ಟು ಬರುತ್ತದೆ, ಮೊಂಡಾದರೆ ಗ್ರೈಂಡರಿಗೆ ಹಿಡಿದು ತಾನೇ ಚೂಪು ಮಾಡಿಕೊಳ್ಳಬಹುದು. ಪ್ಲೇಟಿನ ಮುಖ ಸಪಾಟು ಮಾಡುವುದು, ಶಾಫ್ಟಿನ ಕೀ-ವೇ, ಸರಿಯಾದ ಟೂಲ್‌ಹೋಲ್ಡರ್ ಮಾಡಿಕೊಂಡರೆ ಪುಲ್ಲಿಯೊಳಗಿನ ಕೀ-ವೇ ಕೂಡ ಆಗುತ್ತದೆ. ಅಂದರೆ ಮಿಲ್ಲಿಂಗ್ ಯಂತ್ರ ಬಿಟ್ಟುಕೊಡುವ ಅರ್ಧವನ್ನೂ ಇದು ಮಾಡುತ್ತದೆ. ಗುಜರಿಯ ಬೆಲೆಗೆ ಹೋಗುತ್ತಿರುವ ಶೇಪರುಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಲೋಹವನ್ನು ಅಳತೆಗೆ ತಕ್ಕಂತೆ ಕೊರೆಯುವುದು ಎಷ್ಟು ಈಚಿನ ವಿದ್ಯೆ ಎಂಬುದಕ್ಕೆ ವಿಜಯಪುರದಲ್ಲೇ ಸಾಕ್ಷಿ ಇದೆ. ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕವಾದದ್ದು, ತೂಕ ಸುಮಾರು 55 ಟನ್. ಆ ಕಾಲದ ತೋಪಿನ ನಳಿಗೆ ಎರಕದಲ್ಲೇ ಬರುತ್ತಿತ್ತು, ನಡುವೆ ತಿರುಳಚ್ಚು ಇಟ್ಟು ಲೋಹ ಹೊಯ್ಯುತ್ತಿದ್ದರು. ಗಟ್ಟಿ ಎರಕವನ್ನು ಯಂತ್ರದಿಂದ ಕರಾರುವಾಕ್ಕಾಗಿ ಕೊರೆಯುವ ಜಾನ್ ವಿಲ್ಕಿನ್ಸನ್‌ನ ವಿಧಾನ ಇಂಗ್ಲೆಂಡಿನಲ್ಲಿ ಬಂದದ್ದು 1774ರಲ್ಲಿ. ಜೇಮ್ಸ್ ವ್ಯಾಟ್‌ನ ಉಗಿ ಯಂತ್ರದ ಸಿಲಿಂಡರು ಸಾಧ್ಯವಾದದ್ದು ಅದರಿಂದ. ಮಿಲ್ಲಿಂಗ್ ಯಂತ್ರ ಅದಕ್ಕೂ ಈಚಿನದು, ಅಮೆರಿಕದ ಬಂದೂಕು ಕಾರ್ಖಾನೆಗಳ ಕೂಸು. ಜೋಸೆಫ್ ಬ್ರೌನ್‌ನ ಯೂನಿವರ್ಸಲ್ ಮಾದರಿ ಬಂದದ್ದು 1862ರಲ್ಲಿ. ಕರ್ನಾಟಕದಲ್ಲಿ ಲೇತ್ ತಯಾರಿಕೆಗೆ ಹೆಸರಾದ ಹರಿಹರದ ಮೈಸೂರು ಕಿರ್ಲೋಸ್ಕರ್ 1941ರದು.

ಇನ್ನು ಫೇಸಿನ ಮಾತು. ನನ್ನ ಮಟ್ಟಿಗೆ ತಿಕೋಟಾ, ಬಬಲೇಶ್ವರದವರ ಆಯ್ಕೆ ನಿರ್ಧಾರವಾಗುವುದು ಇಲ್ಲಿ. ನಗರದಲ್ಲಿ ಹೆಸ್ಕಾಂನಿಂದ ಕೈಗಾರಿಕಾ ವರ್ಗದ ತ್ರೀ ಫೇಸ್ ಸಂಪರ್ಕ ತೆಗೆದುಕೊಂಡರೆ ದಿನವಿಡೀ ಕೆಲಸ ಮಾಡಬಹುದು. ತೋಟದ ಮನೆಯ ಸ್ಥಿತಿ ಬೇರೆ. ಕೃಷಿ ಪಂಪ್‌ಸೆಟ್ಟಿನ ಫೀಡರಿಗೆ ತ್ರೀ ಫೇಸ್ ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ನೀತಿ, ಅದರ ಪಾಳಿ ರಾತ್ರಿಗೂ ಬೀಳಬಹುದು. ಆ ಕರೆಂಟು 10 ಎಚ್‌ಪಿವರೆಗಿನ ಪಂಪಿಗೆ ಪುಕ್ಕಟೆ, ಆದರೆ ಪಂಪಿಗೆ ಮಾತ್ರ. ಬಾವಿಯ ಸ್ಟಾರ್ಟರಿನಿಂದ ವೈರು ಎಳೆದು ಮಿಲ್ಲಿಂಗ್ ಯಂತ್ರ ಓಡಿಸಿದರೆ ಅದು ದುರ್ಬಳಕೆ, ದಂಡ ಕಟ್ಟಬೇಕಾದೀತು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಫೀಡರು ಬೇರೆಯಾದ ಕಡೆ ಊರೊಳಗಿನ ಮನೆಗಳಿಗೆ ಅನುಕೂಲವಾಯಿತು. ತೋಟದಲ್ಲಿ ಶೆಡ್ಡು ಕಟ್ಟಿಕೊಂಡವನಿಗೆ ಕೈಗೆಟುಕುವುದು ಬಹಳಸಲ ಸಿಂಗಲ್ ಫೇಸ್ ಮಾತ್ರ.

ಸಿಂಗಲ್ ಫೇಸಿನಲ್ಲಿ ಎರಡು ಎಚ್‌ಪಿ ದಾಟಬೇಡಿ. ಅದಕ್ಕೂ ವೈರಿನ ದಪ್ಪ ನೋಡಿ. ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ 10 ಆಂಪಿಯರ್ ಎಳೆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ 50 ಆಂಪಿಯರ್ ಎಳೆಯುತ್ತದೆ. ಮೀಟರಿನಿಂದ ಶೆಡ್ಡಿಗೆ 100 ಮೀಟರ್ ದೂರ, ಎಳೆದದ್ದು 2.5 ಚದರ ಮಿ.ಮೀ. ತಾಮ್ರದ ವೈರು ಅಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ ರೋಧ ಒಂದೂವರೆ ಓಮ್. 50 ಆಂಪಿಯರಿಗೆ 75 ವೋಲ್ಟ್ ವೈರಿನಲ್ಲೇ ಹೋಯಿತು. 230 ಇದ್ದದ್ದು 155ಕ್ಕೆ ಇಳಿದರೆ ಮೋಟಾರು ಗುಂಯ್‌ಗುಡುತ್ತ ನಿಲ್ಲುತ್ತದೆ, ಕೆಪಾಸಿಟರ್ ಉಬ್ಬುತ್ತದೆ. 6 ಚದರ ಮಿ.ಮೀ. ವೈರು ಹಾಕಿದರೆ ಇದೇ ನಷ್ಟ 30 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಮೋಟಾರು ಕೆಟ್ಟದ್ದು ಎಂದು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗುವ ಎಷ್ಟೋ ಪ್ರಕರಣಗಳಲ್ಲಿ ಕೆಟ್ಟದ್ದು ವೈರು.

ಇದಕ್ಕಿಂತ ಒಳ್ಳೆಯ ದಾರಿ ವಿಎಫ್‌ಡಿ. ಸಿಂಗಲ್ ಫೇಸ್ ಒಳಗೆ ಕೊಟ್ಟರೆ 230 ವೋಲ್ಟಿನ ತ್ರೀ ಫೇಸ್ ಹೊರಗೆ ಕೊಡುವ ಪೆಟ್ಟಿಗೆ. ಮೋಟಾರನ್ನು ಮೆಲ್ಲಗೆ ಎಬ್ಬಿಸುವುದರಿಂದ 50 ಆಂಪಿಯರಿನ ಆ ಝಟಕಾ ಇಲ್ಲ, ಉಲ್ಟಾ ತಿರುಗಿಸುವುದೂ ಗುಂಡಿ ಒತ್ತಿದಷ್ಟು ಸುಲಭ. ಒಂದು ಎಚ್ಚರಿಕೆ ಬೇಕು. ನಮ್ಮ ಸಣ್ಣ ತ್ರೀ ಫೇಸ್ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುತ್ತವೆ. ಅವನ್ನು ಡೆಲ್ಟಾಕ್ಕೆ ಬದಲಿಸಿದರೆ 240 ವೋಲ್ಟಿಗೆ ಸರಿಹೋಗುತ್ತವೆ, ಆದರೆ ಟರ್ಮಿನಲ್ ಪೆಟ್ಟಿಗೆಯಲ್ಲಿ ಆರೂ ತುದಿಗಳು ಹೊರಗೆ ಬಂದಿರಬೇಕು. ಮೂರೇ ತುದಿ ಇದ್ದರೆ ವೈಂಡಿಂಗ್ ಬಲ್ಲವನು ಒಳಗಿನ ಸ್ಟಾರ್ ಗಂಟು ಬಿಚ್ಚಿ ಹೊರಗೆ ತರಬೇಕು. ಪಂಪ್‌ಸೆಟ್ಟು ರಿಪೇರಿಯ ಊರುಗಳಲ್ಲಿ ಈ ವಿದ್ಯೆಗೆ ಬರವಿಲ್ಲ. ವಿಎಫ್‌ಡಿ ಇದೆಯೆಂದು ಬೆಲ್ಟು, ಗಿಯರು ಬದಲಿಸುವುದನ್ನು ಬಿಟ್ಟುಬಿಡಬಾರದು. 50 ಹರ್ಟ್ಜಿನ ಮೋಟಾರನ್ನು 15ಕ್ಕೆ ಇಳಿಸಿ ಗಂಟೆಗಟ್ಟಲೆ ಓಡಿಸಿದರೆ ಅದರ ಫ್ಯಾನು ಗಾಳಿ ಹೊಡೆಯದೆ ಮೋಟಾರು ಬೇಯುತ್ತದೆ.

ಮಣ್ಣಿನದು ಬೇರೆಯೇ ಕಥೆ. ಡೋಣಿ ನದಿ ಸಾಲಿನ ಎರೆ ಭೂಮಿ ಜೋಳಕ್ಕೆ ಬಂಗಾರ, ಯಂತ್ರಕ್ಕೆ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ತೆಳುವಾಗಿ ಕಾಂಕ್ರೀಟ್ ಹಾಸಿ ಯಂತ್ರ ನಿಲ್ಲಿಸಿದರೆ ಜೂನಿನಲ್ಲಿ ಮಟ್ಟವಾಗಿದ್ದದ್ದು ಮಾರ್ಚಿಗೆ ಓರೆಯಾಗಿರುತ್ತದೆ. ಒಟ್ಟು ಯಂತ್ರ ಓರೆಯಾದರೆ ಹೆಚ್ಚೇನೂ ಇಲ್ಲ, ನಾಲ್ಕು ಕಾಲುಗಳಲ್ಲಿ ಒಂದು ಕುಸಿದು ಮೈ ತಿರುಚಿಕೊಂಡರೆ ಹಳಿಗಳು ಬಿಗಿಯುತ್ತವೆ, ಕಟರ್ ಟೇಬಲ್ಲಿಗೆ ಲಂಬವಾಗಿ ಉಳಿಯುವುದಿಲ್ಲ. ಎರೆ ಮಣ್ಣನ್ನು ಗರಸು ಅಥವಾ ಗಟ್ಟಿ ಪದರ ಸಿಗುವವರೆಗೆ ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ, ಜಾಳಿಗೆ ಸಲಾಕೆ ಕಟ್ಟಿ ಆರು ಇಂಚಿನ ಕಾಂಕ್ರೀಟ್ ಹಾಕುವುದು 300 ಕೆ.ಜಿ. ಯಂತ್ರಕ್ಕೆ ಸಾಕು. ಎರಡು ಟನ್ನಿನ ಎಚ್‌ಎಂಟಿಗೆ ಪ್ರತ್ಯೇಕ ಬುನಾದಿಯೇ ಬೇಕು. ಗಟ್ಟಿ ಕರಿಕಲ್ಲು ಮೇಲಕ್ಕೇ ಸಿಗುವ ಜಾಗದವರು ಪುಣ್ಯವಂತರು. ಹೇಗಿದ್ದರೂ ಕಾಲುಗಳ ಕೆಳಗೆ ತಿರುಗಿಸಿ ಮಟ್ಟ ಮಾಡುವ ಸ್ಕ್ರೂ ಪ್ಯಾಡು ಇಟ್ಟು, ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಸ್ಪಿರಿಟ್ ಲೆವೆಲ್ ಹಚ್ಚಿ ನೋಡಬೇಕು.

ಕರಾವಳಿಯವರ ಹಾಗೆ ನಮಗೆ ತುಕ್ಕಿನ ಕಾಟ ಅಷ್ಟಿಲ್ಲ. ನಮ್ಮ ಕಾಟ ಧೂಳು. ಎಣ್ಣೆ ಹಚ್ಚಿದ ಹಳಿಯ ಮೇಲೆ ಕೂತ ಧೂಳು ಅರೆಯುವ ಮಸಾಲೆಯಾಗುತ್ತದೆ. ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಹಳಿಗಳಿಗೆ ಮುಸುಕು ಕಟ್ಟುವುದಕ್ಕೆ ಖರ್ಚಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ಜಾಬು ಬಿಸಿಯಾಗಿರುವಾಗಲೇ ಅಳೆದರೆ ಮೋಸ ಹೋಗುತ್ತೇವೆ; ಅರ್ಧ ಮೀಟರ್ ಉಕ್ಕು 15 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.09 ಮಿ.ಮೀ. ಉದ್ದವಾಗುತ್ತದೆ, ಅಲ್ಯೂಮಿನಿಯಂ ಅದರ ಎರಡು ಪಟ್ಟು.

ಹಳೆಯ ಯಂತ್ರ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಡಯಲ್ ಗೇಜು, ಅದರ ಮ್ಯಾಗ್ನೆಟ್ ಸ್ಟ್ಯಾಂಡು ಇರಲಿ. ಸ್ಪಿಂಡಲ್ಲಿನ ಟೇಪರ್ ಒಳಗೆ ಮುಳ್ಳು ತಾಗಿಸಿ ಕೈಯಿಂದ ತಿರುಗಿಸಿ. 0.01ರಿಂದ 0.02 ಮಿ.ಮೀ. ಆಡಿದರೆ ಒಳ್ಳೆಯದು, 0.05 ದಾಟಿದರೆ ಬೇರಿಂಗಿನ ಖರ್ಚು ಬೆಲೆಯಲ್ಲಿ ಮುರಿಯಿರಿ. ಟೇಬಲ್ಲಿನ ಹ್ಯಾಂಡಲನ್ನು ಹಿಂದೆ ಮುಂದೆ ಅಲುಗಿಸಿ ಪ್ಲೇ ಎಷ್ಟೆಂದು ನೋಡಿ. ಸ್ಕ್ರೂ, ನಟ್ಟು ಸವೆದಿದ್ದರೆ ಬದಲಿಸಬಹುದು, ಲೇತ್ ಇದ್ದವನಿಗೆ ಅದು ದೊಡ್ಡ ಮಾತಲ್ಲ. ಹಳಿ ಸವೆದಿದ್ದರೆ ಮಾತ್ರ ಕೈಬಿಡಿ. ಅದನ್ನು ಪತ್ತೆ ಮಾಡಲು ಟೇಬಲ್ಲನ್ನು ನಡುವಿನಲ್ಲಿ ಗಿಬ್ ಬಿಗಿದು ತುದಿಗೆ ಓಡಿಸಿ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಆದರೆ ನಡುಭಾಗ ತಿಂದುಹೋಗಿದೆ ಎಂದೇ ಅರ್ಥ. ಹೊಸ ಬಣ್ಣ ಬಳಿದ ಯಂತ್ರವನ್ನು ಬಣ್ಣ ಬಳಿಯದ ಯಂತ್ರಕ್ಕಿಂತ ಹೆಚ್ಚು ಸಂಶಯದಿಂದ ನೋಡಬೇಕು.

ಸ್ಪಿಂಡಲ್ ಟೇಪರ್ ಯಾವುದು ಎಂಬುದನ್ನೂ ಕೇಳಿ. ಐಎಸ್‌ಒ 40, ಮೋರ್ಸ್ 3 ಆದರೆ ಹೋಲ್ಡರುಗಳು ನಮ್ಮಲ್ಲಿ ಧಾರಾಳ. ಆರ್8 ಆದರೆ ಬೆಂಗಳೂರಿಗೆ ಕೈ ಚಾಚಬೇಕು. ಯಾವುದೇ ಆದರೂ ಒಂದು ಇಆರ್32 ಕಾಲೆಟ್ ಚಕ್ಕು ತೆಗೆದುಕೊಂಡರೆ 20 ಮಿ.ಮೀ.ವರೆಗಿನ ಕಟರುಗಳನ್ನೆಲ್ಲ ಹಿಡಿಯಬಹುದು. ಯಂತ್ರಕ್ಕೆ ಇಟ್ಟ ದುಡ್ಡಿನಲ್ಲಿ ಮೂರನೆಯ ಒಂದು ಪಾಲನ್ನು ವೈಸು, ಕ್ಲ್ಯಾಂಪು, ಕಾಲೆಟ್ಟು, ಕಟರು, ಡಿವೈಡಿಂಗ್ ಹೆಡ್ಡಿಗೆ ಎತ್ತಿಡದವನು ಯಂತ್ರ ಬಂದ ದಿನ ಕೈಕಟ್ಟಿ ಕೂರುತ್ತಾನೆ. ಕಟರಿನಲ್ಲಿ ಉಳಿತಾಯ ಮಾಡಬೇಡಿ, ಅಡಿಸನ್ ಥರದ ಹೆಸರಾಂತ ಎಚ್‌ಎಸ್‌ಎಸ್ ಮಾಲು ನಾಲ್ಕು ಅಗ್ಗದ ಕಟರುಗಳಿಗೆ ಸಮ. ಮನೆಯಲ್ಲೇ ಮಾಡಿಕೊಳ್ಳುವ ಸಿಎನ್‌ಸಿ, ರೂಟರ್ ಇತ್ಯಾದಿಗಳ ಬಗ್ಗೆ ಹುಡುಗರು ಕೇಳುತ್ತಾರೆ. ಆ ಹಗುರ ಚೌಕಟ್ಟುಗಳು ಕಟ್ಟಿಗೆ, ಅಕ್ರಿಲಿಕ್ಕಿಗೆ ಸರಿ, ಉಕ್ಕಿಗಲ್ಲ.

ಸಾಲದ ಬಗ್ಗೆ ಎರಡೇ ಮಾತು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹೊಸ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25, ವಿಶೇಷ ವರ್ಗದವರಿಗೆ ಕ್ರಮವಾಗಿ ಶೇ. 25 ಮತ್ತು 35 ಸಹಾಯಧನದ ಅವಕಾಶವಿದೆ. ಅಂದರೆ ಅದೇ ಯಂತ್ರ ಹಳ್ಳಿಯ ಘಟಕಕ್ಕೆ ನಗರಕ್ಕಿಂತ ಅಗ್ಗ. ಆದರೆ ಹಳೆಯ ಯಂತ್ರಕ್ಕೆ ಬ್ಯಾಂಕು ಸುಲಭಕ್ಕೆ ಒಪ್ಪುವುದಿಲ್ಲ, ಹೀಗಾಗಿ ಸಾಲದ ದಾರಿ ಹಿಡಿದವನು ಹೊಸ ಯಂತ್ರದ ಕಡೆಗೇ ವಾಲಬೇಕಾಗುತ್ತದೆ. ಕಲಿಕೆಗೆ ಕೂಡಲಸಂಗಮದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ದೂರವಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸಂಸ್ಥೆಯ ಕೇಂದ್ರ ಅದು. ಹೆಗಲ ಮೇಲಿನ ಟವೆಲ್ಲನ್ನು ಯಂತ್ರದ ಹತ್ತಿರ ಬರುವ ಮುಂಚೆ ಗೂಟಕ್ಕೆ ಹಾಕುವುದನ್ನು ಮಾತ್ರ ಯಾವ ಕೇಂದ್ರಕ್ಕೂ ಹೋಗದೆ ಇವತ್ತೇ ಕಲಿಯಬಹುದು. ಕೈಗವಸೂ ಬೇಡ, ಕಣ್ಣಿಗೆ ಕನ್ನಡಕ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ವಿಜಯಪುರ ನಗರದಲ್ಲಿ ಪಕ್ಕಾ ನೆಲ, ಕೈಗಾರಿಕಾ ತ್ರೀ ಫೇಸ್ ಇದ್ದವರು ಹಳಿ ಸವೆಯದ ಹಳೆಯ ಎಚ್‌ಎಂಟಿ ಅಥವಾ ಅದೇ ದರ್ಜೆಯ ನೀ-ಟೈಪ್ ಯಂತ್ರ ಹುಡುಕಲಿ, ಆರು ತಿಂಗಳು ಕಾಯಬೇಕಾದರೂ ಕಾಯಲಿ. ತಿಕೋಟಾ, ಬಬಲೇಶ್ವರದ ತೋಟದ ಶೆಡ್ಡಿಗೆ ಚೌಕ ಕಂಬದ, 300 ಕೆ.ಜಿ.ಯ ಆಸುಪಾಸಿನ, ಎರಡು ಎಚ್‌ಪಿ ಮೀರದ ಯಂತ್ರ, ಅದಕ್ಕೊಂದು ವಿಎಫ್‌ಡಿ ಸರಿ. ಜೊತೆಗೆ ಗುಜರಿ ಬೆಲೆಗೆ ಶೇಪರ್ ಸಿಕ್ಕರೆ ಬಿಡಬಾರದು. ಲೇತ್ ಇದ್ದು ಕೆಲಸ ಕಡಿಮೆ ಇದ್ದವರಿಗೆ ವರ್ಟಿಕಲ್ ಸ್ಲೈಡ್ ಸಾಕು. 60 ಕೆ.ಜಿ.ಯ ಮಿನಿ ಮಿಲ್ಲು ಹವ್ಯಾಸಕ್ಕೆ, ಹೊಟ್ಟೆಪಾಡಿಗಲ್ಲ. ಯಾವುದನ್ನೇ ತರುವವರಿದ್ದರೂ ಮುಂಗಡ ಕೊಡುವ ಮೊದಲು ಶೆಡ್ಡಿನ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ ಮಣ್ಣು ನೋಡಿ, ಲೈನ್‌ಮನ್‌ನನ್ನು ಕರೆಸಿ ಫೇಸು ಕೇಳಿ.